ಒಂದೇ ಥರದ ಎರಡು ಎಲೆ

ಮಲಪ್ರಭೆಯ ದಂಡೆಯಲ್ಲಿ ಮುರಿಗೆಯ್ಯಜ್ಜನ ಆಶ್ರಮ. ಅಲ್ಲಿದ್ದವರು ಇಬ್ಬರು. ಎಲೆ, ಬೇರುಗಳಿಂದ ಮದ್ದು ಕೊಡುವ ಅಜ್ಜ ಒಬ್ಬರು, ಆ ವಿದ್ಯೆ ಕಲಿಯಲು ಬಂದ ಅಡಿವೆಪ್ಪ ಇನ್ನೊಬ್ಬ. ಮೂರನೆಯದು ಕಂಪ್ಯೂಟರ್.

ಆ ಕಂಪ್ಯೂಟರಿನ ಪ್ರತಾಪ ಏನೆಂದು ಹೇಳುವುದು! ಗುಂಡಿ ಒತ್ತಿ, ಹೊಳೆಗೆ ಹೋಗಿ ಮಿಂದು, ಧೋತರ ಒಗೆದು, ಒಣಗಿಸಿ, ಉಟ್ಟುಕೊಂಡು ಬಂದರೂ ಪರದೆಯ ಮೇಲೆ ಉಂಗುರ ತಿರುಗುತ್ತಲೇ ಇರುತ್ತಿತ್ತು. ಒಮ್ಮೆ ಅದನ್ನೇ ನೋಡುತ್ತ ಕೂತ ಬೆಕ್ಕು ಮರಿ ಹಾಕಿ, ಆ ಮರಿಗಳು ಇಲಿ ಹಿಡಿಯಲು ಕಲಿತವು. ಉಂಗುರ ಮಾತ್ರ ನಿಲ್ಲಲಿಲ್ಲ.

ಅದರೊಳಗೆ ಅಜ್ಜನ ವಿದ್ಯೆಯೆಲ್ಲ ಇತ್ತು. ನಾಲ್ಕು ವರ್ಷ ಅಡಿವೆಪ್ಪ ಒಂದೊಂದು ಎಲೆಯ ಫೋಟೋ ತೆಗೆದಿದ್ದ. ಅಜ್ಜ ಹೇಳುತ್ತ ಹೋದದ್ದನ್ನು ಆ ಫೋಟೋದ ಕೆಳಗೇ ಎರಡು ಬೆರಳಲ್ಲಿ ಟೈಪ್ ಮಾಡಿದ್ದ. ನಾಲ್ಕು ಸಾವಿರ ಚಿತ್ರ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಉಂಗುರದ ಕಾಟ ತಡೆಯಲಾರದೆ ಅಡಿವೆಪ್ಪ ಸಾಫ್ಟ್‌ವೇರುಗಳ ಬೇಟೆಗೆ ಹೊರಟ. ಪುಕ್ಕಟೆ ಸಿಕ್ಕಿದ್ದನ್ನು ಒಂದೂ ಬಿಡಲಿಲ್ಲ.

“ಅಜ್ಜಾರ, ಅರವತ್ತನಾಲ್ಕು ಹಾಕೇನ್ರಿ!”

“ಏನೇನ್ ಮಾಡ್ತಾವೋ ಅವು?”

“ಒಂದು ಕಸ ಹೊಡಿತೈತ್ರಿ. ಒಂದು ಕಳದ ಫೈಲ್ ಕಣ್ ಮಿಟುಕಿಸೋದ್ರಾಗ ಹುಡುಕ್ತೈತಿ. ಒಂದು ಹೆಸರು ಓರಣ ಮಾಡ್ತೈತಿ. ಒಂದು, ಉಳಿದ ಅರವತ್ಮೂರೂ ದುಡಿತಾವೋ ಇಲ್ಲೋ ಅಂತ ಕಾಯ್ತೈತ್ರಿ.”

“ಹಂಗಾರ ನಿನ್ನ ಕೆಲಸ?”

“ನಾ ಓಕೆ ಒತ್ತೋದ್ರೀ.”

ಮರುದಿನ ಬೆಳಗ್ಗೆ ಅಂಬಿಗರ ಯಮನೂರಪ್ಪ ಕಂಬಳಿ ಹೊದ್ದು ಬಂದು ಜಗಲಿಯ ಮೇಲೆ ಬಿದ್ದುಕೊಂಡ. ಮೈ ಕೆಂಡದಂತೆ ಸುಡುತ್ತಿತ್ತು.

“ಲಗೂ ಏನರ ಮಾಡ್ರಿ ಅಜ್ಜಾರ. ನಾ ನಡಗೂ ರಭಸಕ್ಕ ನಿಮ್ಮ ಜಗಲಿ ಕಂಬ ಕಿತ್ತು ಬಂದೀತು!”

“ಅಡಿವೆಪ್ಪಾ, ಜ್ವರದ ಎಲಿ ಚಿತ್ರ ತಗಿ,” ಎಂದರು ಅಜ್ಜ.

ಆ ಎಲೆಗೆ ಚಿತ್ರ ನೋಡದೆ ಕೈ ಹಾಕುವಂತಿರಲಿಲ್ಲ. ದಂಡೆಯಲ್ಲಿ ಅದರ ಪಕ್ಕದಲ್ಲೇ ಅದರಂಥದೇ ಇನ್ನೊಂದು ಗಿಡ ಬೆಳೆಯುತ್ತಿತ್ತು. ಅದನ್ನು ಮೇಯ್ದ ದನ ಸಂಜೆಗೆ ಎದ್ದದ್ದಿಲ್ಲ.

ಅಡಿವೆಪ್ಪ ಗುಂಡಿ ಒತ್ತಿದ. ಬೆರಳು ಎತ್ತುವ ಮೊದಲೇ ಪರದೆ ಝಗ್ಗೆಂದಿತು. ಅವನ ಎದೆ ಎರಡು ಗೇಣು ಉಬ್ಬಿತು. ಮರುಕ್ಷಣ ಉಬ್ಬಿದ್ದೆಲ್ಲ ಇಳಿಯಿತು.

ನಾಲ್ಕು ಸಾವಿರ ಚಿತ್ರಗಳಲ್ಲಿ ಉಳಿದದ್ದು ಆರು ನೂರು.

ಹಿಂದಿನ ರಾತ್ರಿ ಅವನು ರೊಟ್ಟಿ ತಿನ್ನುತ್ತಿದ್ದಾಗ ಸಾಫ್ಟ್‌ವೇರುಗಳು ದುಡಿದಿದ್ದವು. ಒಂದು, ಒಂದೇ ಥರ ಕಂಡ ಚಿತ್ರಗಳಲ್ಲಿ ಒಂದನ್ನು ಇಟ್ಟು ಉಳಿದದ್ದನ್ನು ಬುಟ್ಟಿಗೆ ಹಾಕಿತ್ತು. ಇನ್ನೊಂದು ಬುಟ್ಟಿ ಖಾಲಿ ಮಾಡಿತ್ತು. ಮತ್ತೊಂದು, ಯಾರೂ ಮರಳಿ ತೆಗೆಯದಂತೆ ಆ ಜಾಗವನ್ನು ಉಜ್ಜಿತ್ತು. ಹೆಸರು ಓರಣ ಮಾಡುವುದು, ಉಳಿದ ಚಿತ್ರಗಳ ಹೆಸರನ್ನೂ ಕೆಳಗಿನ ಬರಹವನ್ನೂ ಅಳಿಸಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿತ್ತು. ಕೊನೆಯದು ಪರದೆಯ ನಡುವೆ ಹಸಿರು ಅಕ್ಷರದಲ್ಲಿ ಬರೆದಿತ್ತು: ಅಭಿನಂದನೆಗಳು, ನಿಮ್ಮ ಕಂಪ್ಯೂಟರ್ ಈಗ ಆರೋಗ್ಯವಾಗಿದೆ.

ಅಡಿವೆಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನೊಣವೊಂದು ಒಳಗೆ ಹೋಗಿ, ಒಂದು ಸುತ್ತು ನೋಡಿಕೊಂಡು ಹೊರಗೆ ಬಂತು.

“ಅಜ್ಜಾರ... ಜ್ವರದ ಎಲಿ, ಅದರ ಜೋಡಿ, ಎರಡ್ರಾಗ ಒಂದ ಚಿತ್ರ ಉಳದೈತ್ರಿ.”

“ಯಾವುದು?”

“ಹೆಸರಿಲ್ರಿ. ಬರೇ ಮುನ್ನೂರಾ ಹನ್ನೆರಡು ಅಂತೈತಿ.”

“ಚಿತ್ರ ತಗದಾಂವ ನೀನ. ನೋಡಿ ಹೇಳು.”

ಅಡಿವೆಪ್ಪ ನೋಡಿದ. ಹತ್ತಿರ ಹೋಗಿ ನೋಡಿದ, ಹಿಂದೆ ಸರಿದು ನೋಡಿದ. ಚಿತ್ರ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಈಗ ಬಿತ್ತು.

“ನಾ ಕ್ಯಾಮೆರಾ ನೋಡ್ತಿದ್ನಿರಿ ಅಜ್ಜಾರ. ಎಲಿ ನೋಡಿಲ್ರಿ.”

ಅಜ್ಜ ಬಯ್ಯಲಿಲ್ಲ. ಕೋಲು ಹಿಡಿದು ಹೊಳೆಯತ್ತ ನಡೆದರು. ಅಡಿವೆಪ್ಪ ಹಿಂದೆ ಓಡಿದ.

ದಂಡೆಯಲ್ಲಿ ಎರಡೂ ಗಿಡ ಒಂದರ ಹೆಗಲ ಮೇಲೊಂದು ಕೈ ಹಾಕಿದಂತೆ ಹೆಣೆದುಕೊಂಡಿದ್ದವು. ಅಜ್ಜ ತಡವಿ, ಒಂದೊಂದು ಗಿಡದಿಂದ ಒಂದೊಂದು ಎಲೆ ಕಿತ್ತರು. ಒಂದನ್ನು ಅಡಿವೆಪ್ಪನ ಕೈಗಿಟ್ಟು, ಇನ್ನೊಂದನ್ನು ಬಾಯಿಯ ಹತ್ತಿರ ಒಯ್ದರು. ರೋಗಿಗೆ ಕೊಡುವ ಎಲೆಯನ್ನು ವೈದ್ಯ ಮೊದಲು ತಾನು ಅಗಿಯಬೇಕು. ಅದು ಆ ಆಶ್ರಮದ ಪದ್ಧತಿ.

ಅಡಿವೆಪ್ಪ ಹಾರಿ ಅಜ್ಜನ ಕೈ ಹಿಡಿದ.

“ಅದು ಯಾವುದ್ರೀ?”

“ಅಗದ ಮ್ಯಾಲ ಗೊತ್ತಾಗ್ತೈತಿ.”

“ಅಷ್ಟ್ರಾಗ ನೀವ...!”

“ಕೈ ಬಿಡೋ. ಅಲ್ಲಿ ಯಮನೂರಪ್ಪ ನಡಗಾಕ ಹತ್ಯಾನ.”

“ಸತ್ರೂ ಬಿಡಂಗಿಲ್ರಿ!”

ಗುರುವಿನ ಬೆರಳು ಬಿಡಿಸಿ ಎಲೆ ಕಸಿದುಕೊಂಡ. ಜೀವಮಾನದಲ್ಲಿ ಮೊದಲ ಸಲ ಎಲೆಯನ್ನು ನೋಡಿದ. ಎರಡನ್ನೂ ತಿರುವಿದ. ಅಂಚು ಒಂದೇ, ನರ ಒಂದೇ, ವಾಸನೆ ಒಂದೇ. ಬೆವರು ಕಣ್ಣಿಗಿಳಿಯಿತು. ಟೈಪ್ ಮಾಡಿದ ಸಾವಿರ ಸಾಲುಗಳಲ್ಲಿ ಒಂದು ಎಲ್ಲಿಂದಲೋ ತೇಲಿ ಬಂತು. ತೊಟ್ಟಿನ ಬುಡ. ಬಿಸಿಲಿಗೆ ಹಿಡಿಯಬೇಕು. ಬೆಳ್ಳಗೆ ಮಿಂಚಿದರೆ ವಿಷ.

ಹಿಡಿದ. ಕಸಿದುಕೊಂಡ ಎಲೆಯ ತೊಟ್ಟಿನ ಬುಡದಲ್ಲಿ, ಕೂಸಿನ ಕಿವಿಯ ಮೇಲಿನ ರೋಮದಷ್ಟು ನವಿರಾಗಿ, ಬೆಳ್ಳಗೆ ಏನೋ ಮಿಂಚಿತು. ಇನ್ನೊಂದರಲ್ಲಿ ಇರಲಿಲ್ಲ.

ಮಿಂಚಿದ್ದನ್ನು ಹೊಳೆಗೆ ಎಸೆದ. ಇನ್ನೊಂದನ್ನು ಅಜ್ಜ ಕೈ ಚಾಚುವ ಮೊದಲೇ ತನ್ನ ಬಾಯಿಗೆ ಹಾಕಿಕೊಂಡು ಅಗಿದ. ಕಹಿ ನೆತ್ತಿಗೇರಿತು. ಒಂದು ನೂರು ಎಣಿಸಿದ. ನಾಲಿಗೆ ಬಾಯಲ್ಲೇ ಇತ್ತು, ಆಡುತ್ತಲೂ ಇತ್ತು.

“ಇದಾರೀ ಅಜ್ಜಾರ. ಇದಾ!”

ಅಜ್ಜ ಕಷಾಯ ಕಾಯಿಸಿದರು. ಮಧ್ಯಾಹ್ನದ ಹೊತ್ತಿಗೆ ಯಮನೂರಪ್ಪ ಬೆವೆತು, ಕಂಬಳಿ ಕಿತ್ತೆಸೆದು, ಎರಡು ಬಟ್ಟಲು ಗಂಜಿ ಕುಡಿದು, ಮೂರನೆಯದು ಕೇಳಿದ.

ಅಡಿವೆಪ್ಪನಿಗೆ ಆಗ ಉಸಿರು ಬಂತು. ಅಜ್ಜನ ಕಾಲ ಬಳಿ ಕೂತು ನಕ್ಕ.

“ನಿಮಗ ಮೊದಲ ಗೊತ್ತಿತ್ತು, ಹೌದಿಲ್ರೀ? ನನಗ ಬುದ್ಧಿ ಕಲಸಾಕ ವಿಷದ ಎಲಿ ಬಾಯಿ ಮಟಾ ಒಯ್ದ್ರಿ.”

ಅಜ್ಜ ಅವನ ದನಿ ಬಂದ ಕಡೆ ಮುಖ ತಿರುಗಿಸಿದರು.

“ಇಲ್ಲೋ ತಮ್ಮಾ. ಯುಗಾದಿಯಿಂದ ನನ್ನ ಕಣ್ಣಿಗೂ ಎರಡೂ ಒಂದ.”