ಅಪ್ಪನ ಅಂಗಿ ತೊಟ್ಟ ಬೆದರುಬೊಂಬೆ

"ಅಯ್ಯನವರೇ, ಹುಡುಗ್ರು ಯಾಕ ನಮ್ಮ ಸಭೆ ಬಿಟ್ಟು ಹೊಂಟಾರ?" ಎಂದು ಚರ್ಚಿನ ಉಪದೇಶಿ ಜೀವರತ್ನ ತನ್ನ ಗುರುವನ್ನು ಕೇಳಿದ.

ಹುಡುಗರು ಅಂದದ್ದು ಬಾಯಿಮಾತಿಗೆ. ಅವನ ಎದೆಯಲ್ಲಿದ್ದವಳು ಮಗಳು ಸುಗುಣಾ. ಸಭೆಗೆ ಸೇರದ ನೆರೆಮನೆಯ ಗೆಳತಿ ನರಕಕ್ಕೆ ಹೋಗುವುದು ಖಂಡಿತವೇ ಎಂದು ಅವಳು ಒಮ್ಮೆ ಕೇಳಿದ್ದಳು. ಅದಕ್ಕೆ ಅವನು ಇಡೀ ಸಭೆಯ ಮುಂದೆ ಅವಳನ್ನು ಮೊಣಕಾಲೂರಿಸಿ ಕ್ಷಮೆ ಬೇಡಿಸಿದ್ದ. ಅಂದಿನಿಂದ ಅವಳು ಆರಾಧನೆಗೆ ಬಂದಿಲ್ಲ. ಪ್ರತಿ ಭಾನುವಾರ ಕೀರ್ತನೆ ಶುರುವಾದರೆ ಅವನ ಕಿವಿ ಅವಳ ದನಿಯನ್ನೇ ಹುಡುಕುತ್ತಿತ್ತು.

ಗುರು ನಕ್ಕರು. "ಸೈತಾನನ ಮ್ಯಾಲ ಹಾಕಿಬಿಡು, ಹಗುರ ಆಗ್ತದ. ಆಗವಲ್ದೇನು? ಹಂಗಾರ ಒಂದು ಕತಿ ಕೇಳು."

ಒಬ್ಬ ರೈತನಿದ್ದ. ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ ಎಂದರೆ ಅವನ ಮಕ್ಕಳಿಗೆ ಪ್ರಾಣ. ಅವರಿಗೆಂದೇ ಒಂದು ತುಂಡು ಹೊಲ ಬಿತ್ತಿ, ಕಾವಲಿಗೆ ಆಳನ್ನಿಟ್ಟು, ದೂರದ ಊರಿಗೆ ಹೋದ. ಆಳು ಬಲು ನಿಯತ್ತಿನವನು. ಹಕ್ಕಿಗಳಿಗೆಂದು ಬೆದರುಬೊಂಬೆ ನಿಲ್ಲಿಸಿದ. ಹಕ್ಕಿ ಹೋದವು, ಮಕ್ಕಳು ಬಂದರು. ತೆನೆ ಮುರಿದಾರೆಂದು ಅವನು ಬೊಂಬೆಗೆ ಒಡೆಯನ ಹಳೆ ಅಂಗಿ ತೊಡಿಸಿದ, ರುಮಾಲು ಸುತ್ತಿದ, ಮಸಿಯಲ್ಲಿ ಮೀಸೆಯನ್ನೂ ಬರೆದ.

"ನಿಮ್ಮಪ್ಪಾರು ನೋಡಾಕತ್ತಾರ. ಒಂದು ತೆನಿ ಮುಟ್ಟಿದ್ರ ತೊಗಲು ಸುಲೀತಾರ," ಅಂದ.

ಸಣ್ಣವರು ಹೊಲದ ದಾರಿಯನ್ನೇ ಬಿಟ್ಟರು. ದೊಡ್ಡ ಮಗ ಮಾತ್ರ ಒಂದು ದಿನ ಬೊಂಬೆಗೆ ಕಲ್ಲು ಬೀರಿದ. ತಲೆ ಉದುರಿತು. ಒಳಗೆ ಬರೀ ಒಣ ಕಣಿಕೆ, ಜೋಳದ ದಂಟು. ಅವನು ನಕ್ಕ. ಆಮೇಲೆ ಬದುವಿನ ಮೇಲೆ ಕೂತು ಬಹಳ ಹೊತ್ತು ಅತ್ತ.

ಕಾಳು ಹಾಲು ತುಂಬಿದಾಗ ರೈತ ಮರಳಿ ಬಂದ. ಹೊಲದಲ್ಲೇ ಬೆಂಕಿ ಹಾಕಿ, ತೆನೆ ಸುಟ್ಟು, ತಿಕ್ಕಿ, ಬೊಗಸೆ ತುಂಬ ಬಿಸಿ ಕಾಳು ಹಿಡಿದು ಮಕ್ಕಳನ್ನು ಕೂಗಿದ. ಅಂಥದ್ದೇ ಅಂಗಿ, ಅಂಥದ್ದೇ ರುಮಾಲು, ಅದೇ ಮೀಸೆ. ಸಣ್ಣವರು ಚೀರಿ ಓಡಿದರು. ದೊಡ್ಡವನು ತಿರುಗಿಯೂ ನೋಡಲಿಲ್ಲ.

"ಆ ಕಣಿಕಿ ಅಪ್ಪ ನನಗ ಗೊತ್ತದಾನ," ಅಂದು ನಡೆದುಬಿಟ್ಟ.

ಆಳು ಎದೆಯುಬ್ಬಿಸಿ ಬಂದ. "ಒಂದು ತೆನಿನೂ ಹೋಗಿಲ್ರೀ, ಗೌಡ್ರ."

ರೈತ ಬೊಗಸೆಯ ಕಾಳು ಆರಿ ತಣ್ಣಗಾಗುವವರೆಗೂ ಮಕ್ಕಳು ಹೋದ ದಾರಿ ನೋಡುತ್ತ ನಿಂತ.

ಗುರು ಅಲ್ಲಿಗೆ ನಿಲ್ಲಿಸಿದರು. ಉಪದೇಶಿಗೆ ತಡೆಯಲಾಗಲಿಲ್ಲ.

"ಆ ಆಳಿಗೆ ಗೌಡ್ರು ಏನು ಶಿಕ್ಷೆ ಕೊಟ್ರು, ಅಯ್ಯನವರೇ?"

"ಮಗ ಯಾವ ಕಡೆ ಹೋದ ಅಂತ ನೀ ಕೇಳಲೇ ಇಲ್ಲಲ್ಲೋ, ಜೀವರತ್ನ."