ಹುಣಸೆಹಣ್ಣಿನಲ್ಲಿ ಬೆಳಗಿದ ಮೀನಿನ ತೊಟ್ಟಿ

"ಬುದ್ಧಿ, ಕೊಟ್ರಯ್ಯನಿಗೆ ಹೇಳಿಕೊಟ್ಟ ಗುಟ್ಟನ್ನು ನನಗೇಕೆ ಹೇಳಿಕೊಡಲಿಲ್ಲ?" ಎಂದು ಮರಿದೇವ ಮಠದ ಗುರುಗಳನ್ನು ಕೇಳಿದ.

ಆ ಮಠದಲ್ಲಿ ಪುರಾಣ ಹೇಳುವುದನ್ನು ಕಲಿಯುತ್ತಿದ್ದವರು ಇಬ್ಬರೇ ಶಿಷ್ಯರು. ಕೊಟ್ರಯ್ಯ ಬಾಯಿ ತೆರೆದರೆ ಜನ ಊಟದ ಹೊತ್ತು ಮರೆತು ಕೂರುತ್ತಿದ್ದರು. ಮರಿದೇವ ಬಾಯಿ ತೆರೆದರೆ ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಇದು ಮರಿದೇವನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು. ಗುರುಗಳು ಸಿಟ್ಟಾಗಲಿಲ್ಲ. "ಕೂತುಕೋ ಮರಿ" ಎಂದು ಒಂದು ಕತೆ ತೆಗೆದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಿತ್ತಾಳೆ, ತಾಮ್ರ, ಕಂಚು ಅವನ ಸರಕು. ಹೊಳೆಯುವುದು ಮಾತ್ರ ಮಾರಿಹೋಗುತ್ತದೆ ಎಂಬುದು ಅವನು ತಂದೆಯಿಂದ ಕಲಿತ ಪಾಠ. ಬೆಳಗಾದರೆ ಹುಣಸೆಹಣ್ಣು, ಉಪ್ಪು, ಬೂದಿ ಹಿಡಿದು ಕೂರುತ್ತಿದ್ದ. ಅವನು ಬೆಳಗಿದ ಬಿಂದಿಗೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಕೈ ಕೆಲಸದಲ್ಲಿ ಅವನನ್ನು ಆಡಿಕೊಳ್ಳುವಂತಿರಲಿಲ್ಲ.

ಅವನ ಅಂಗಡಿಯ ಎದುರಿಗೆ ಬಳೆ ಅಂಗಡಿ. ಬಳೆ ವ್ಯಾಪಾರಿ ಒಂದು ಗಾಜಿನ ತೊಟ್ಟಿ ಇಟ್ಟು ಕೆಂಪು ಮೀನು ಸಾಕಿದ್ದ. ಬಳೆ ಏರಿಸುವಾಗ ಹೆಂಗಸರು ಮೀನು ನೋಡುತ್ತ ಕೈಯ ನೋವು ಮರೆಯುತ್ತಿದ್ದರು. ತೊಟ್ಟಿಯಲ್ಲಿ ನೀರು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ತಿಳಿ.

ಪಾತ್ರೆ ವ್ಯಾಪಾರಿ ಕರುಬಿದ. ಅವನಿಗೇನೂ ನಷ್ಟವಾಗಿರಲಿಲ್ಲ. ಬಳೆ ಕೊಳ್ಳುವವರು ಬಳೆ ಕೊಳ್ಳುತ್ತಿದ್ದರು, ಬಿಂದಿಗೆ ಕೊಳ್ಳುವವರು ಬಿಂದಿಗೆ ಕೊಳ್ಳುತ್ತಿದ್ದರು. ಆದರೆ ಇವನ ಅಂಗಡಿಗೆ ಬಂದವರೂ ಬಿಂದಿಗೆಯನ್ನು ತಟ್ಟಿ ನೋಡುತ್ತ ಎದುರು ಅಂಗಡಿಯ ಮೀನಿನ ಮಾತಾಡುತ್ತಿದ್ದರು. ಅವನಿಗೆ ಅನ್ನ ಸೇರದಾಯಿತು. ಕೊನೆಗೆ ಎದುರಿನದಕ್ಕಿಂತ ದೊಡ್ಡ ತೊಟ್ಟಿ ತರಿಸಿ, ಅದಕ್ಕಿಂತ ಕೆಂಪು ಮೀನು ಹುಡುಕಿ ತಂದು ಬಿಟ್ಟ.

ತೊಟ್ಟಿಯನ್ನು ಅವನು ಬಿಂದಿಗೆಯನ್ನು ಬೆಳಗಿದಂತೆಯೇ ಬೆಳಗಿದ. ಅವನಿಗೆ ಗೊತ್ತಿದ್ದದ್ದು ಅದೇ. ನೀರನ್ನೆಲ್ಲ ಚರಂಡಿಗೆ ಚೆಲ್ಲಿ, ಗಾಜನ್ನೂ ತಳದ ಕಲ್ಲುಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ನಲ್ಲಿಯ ನೀರು ತುಂಬಿ ಮೀನು ಬಿಡುತ್ತಿದ್ದ. ತೊಟ್ಟಿ ಕಣ್ಣು ಕುಕ್ಕುತ್ತಿತ್ತು. ಮೀನುಗಳು ಮಾತ್ರ ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಮಾರನೆಯ ದಿನ ಮಗುಚಿಕೊಂಡು ತೇಲುತ್ತಿದ್ದವು. ಅವನು ಬೇರೆ ಮೀನು ತಂದ. ಅವೂ ಹೋದವು. ಸತ್ತಷ್ಟೂ ಅವನು ಇನ್ನಷ್ಟು ತಿಕ್ಕಿದ.

ಕೊನೆಗೆ ಒಂದೇ ಮೀನು ಉಳಿಯಿತು. ಅದು ಗಟ್ಟಿ ಜೀವ. ಅವನ ಹೆಂಡತಿಯ ಬೆರಳು ಕಂಡರೆ ಗಾಜಿನ ಹತ್ತಿರ ಬಂದು ಬೆರಳು ಹೋದ ಕಡೆಗೆಲ್ಲ ಹೋಗುತ್ತಿತ್ತು. ಅವಳು ಗಂಡನಿಗೆ ಹೇಳದ ಮಾತುಗಳನ್ನೂ ಅದಕ್ಕೆ ಹೇಳುತ್ತಿದ್ದಳು. "ಇದನ್ನಾದರೂ ಉಳಿಸಿಕೊಡಿ. ನಾಚಿಕೆ ಬಿಟ್ಟು ಎದುರಿನವರನ್ನು ಕೇಳಿ" ಎಂದು ಗಂಡನನ್ನು ಬೇಡಿಕೊಂಡಳು.

ಅವನು ಹೋದ. ಆ ಬೀದಿ ದಾಟುವುದು ಅವನಿಗೆ ಹೊಳೆ ದಾಟಿದಷ್ಟು ಕಷ್ಟವಾಯಿತು.

"ನಿನ್ನ ಮೀನು ಸಾಯೋದೇ ಇಲ್ಲವಲ್ಲ. ನೀರಿಗೆ ಏನು ಹಾಕ್ತೀಯ?" ಎಂದು ಕೇಳಿದ.

"ಏನೂ ಹಾಕಲ್ಲ ಅಣ್ಣ. ನೀರು ಪೂರ್ತಿ ಚೆಲ್ಲಬೇಡಿ. ಕಾಲು ಭಾಗ ತೆಗೆದು ಅಷ್ಟೇ ಹೊಸದು ಹಾಕಿ. ಆ ಹೊಸ ನೀರನ್ನೂ ಹಿಂದಿನ ದಿನವೇ ಹಿಡಿದು ತೆರೆದಿಡಿ, ನಲ್ಲಿಯ ಔಷಧಿ ವಾಸನೆ ಹೋಗಲಿ. ಕಲ್ಲಿನ ಮೇಲಿನ ಲೋಳೆ ತಿಕ್ಕಬೇಡಿ. ಮೀನಿನ ಗಲೀಜು ತಿಂದು ನೀರು ತಿಳಿ ಮಾಡೋ ಸಣ್ಣ ಜೀವಗಳು ಅದರಲ್ಲೇ ಇರ್ತವೆ. ಜಾಲಿಸಲೇಬೇಕಾದ್ರೆ ತೆಗೆದ ಹಳೇ ನೀರಲ್ಲೇ ಜಾಲಿಸಿ. ಮೇವು ಚಿಟಿಕೆ ಸಾಕು" ಎಂದು ಬಳೆ ವ್ಯಾಪಾರಿ ಬಿಡಿಸಿ ಬಿಡಿಸಿ ಹೇಳಿದ.

ಪಾತ್ರೆ ವ್ಯಾಪಾರಿ ತಲೆಯಾಡಿಸಿ ಬಂದ. ಬೀದಿಯ ನಡುವೆ ಬರುವಷ್ಟರಲ್ಲಿ ಅವನ ಹೊಟ್ಟೆ ಉರಿಯತೊಡಗಿತ್ತು. ಕೊಳೆ ನೀರು ಇಟ್ಟುಕೋ ಅನ್ನುತ್ತಾನೆ. ಲೋಳೆ ತಿಕ್ಕಬೇಡ ಅನ್ನುತ್ತಾನೆ. ನನ್ನ ತೊಟ್ಟಿ ಪಾಚಿಗಟ್ಟಿ ನಾರಲಿ, ಊರವರು ಮೂಗು ಮುಚ್ಚಿಕೊಂಡು ನಗಲಿ ಎಂದಲ್ಲದೆ ಮತ್ತೇಕೆ ಹೀಗೆ ಹೇಳಿದ? ನಿಜವಾದ ಗುಟ್ಟನ್ನು ಯಾವನು ತಾನೇ ಕೇಳಿದ ಕೂಡಲೇ ಬಿಟ್ಟುಕೊಡುತ್ತಾನೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ಗುಟ್ಟನ್ನು ಕಂಡೇ ತೀರುತ್ತೇನೆಂದು ಮರುದಿನ ಬೆಳಿಗ್ಗೆ ತನ್ನ ಅಂಗಡಿಯ ಹಂಡೆಗಳ ಹಿಂದೆ ಕೂತು ಎದುರಿಗೆ ಇಣುಕಿದ. ಬಳೆ ವ್ಯಾಪಾರಿ ಬಂದು ಬಾಗಿಲು ತೆಗೆದ. ತೊಟ್ಟಿಯಿಂದ ಕಾಲು ಭಾಗ ನೀರು ತೆಗೆದು ಕನಕಾಂಬರದ ಗಿಡಕ್ಕೆ ಹಾಕಿದ. ಹಿಂದಿನ ದಿನ ಹಿಡಿದಿಟ್ಟ ನೀರನ್ನು ಮೆಲ್ಲನೆ ಸುರಿದ. ಕಲ್ಲುಗಳನ್ನು ಮುಟ್ಟಲೇ ಇಲ್ಲ. ಹೇಳಿದ್ದನ್ನೇ ಮಾಡಿದ, ಎಳ್ಳಷ್ಟೂ ಹೆಚ್ಚು ಕಡಿಮೆ ಇಲ್ಲ. ಆಮೇಲೆ ತಲೆಯೆತ್ತಿದಾಗ ಹಂಡೆಗಳ ಸಂದಿಯಲ್ಲಿ ಇವನ ಮುಖ ಕಂಡು ನಕ್ಕ.

ಆ ನಗುವೇ ಪಾತ್ರೆ ವ್ಯಾಪಾರಿಗೆ ಸಾಕ್ಷಿಯಾಯಿತು. ಕಳ್ಳ, ನಾನು ನೋಡುತ್ತಿದ್ದೇನೆಂದು ತಿಳಿದೇ ನಾಟಕ ಆಡಿದ ಎಂದುಕೊಂಡ.

ಆ ದಿನ ಅವನು ತೊಟ್ಟಿಯನ್ನು ಬೆಳಗಿದಂತೆ ಜನ್ಮದಲ್ಲಿ ಒಂದು ಪಾತ್ರೆಯನ್ನೂ ಬೆಳಗಿರಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ತಿಕ್ಕಿದ. ಮೂಲೆಗಳಿಗೆ ತೆಂಗಿನ ನಾರು ಹಾಕಿದ. ನಲ್ಲಿಯ ನೀರನ್ನು ನೇರವಾಗಿ ತುಂಬಿ ಮೀನು ಬಿಟ್ಟ. ಬೀದಿಯಲ್ಲಿ ಹೋಗುವವರು ನಿಂತು, ಇವತ್ತು ಇವನದೇ ಚೆನ್ನಾಗಿದೆ ಎಂದರು. ಆ ಮಾತಿಗೆ ಅವನು ಎಷ್ಟು ಕಾಲದಿಂದ ಬಾಯಾರಿದ್ದನೋ, ಹೊಟ್ಟೆ ತುಂಬ ಕುಡಿದ.

ಸಂಜೆ ಹೆಂಡತಿ ಬಂದು ಗಾಜಿಗೆ ಬೆರಳಿಟ್ಟಳು. ಮೀನು ಬರಲಿಲ್ಲ. ಅದು ಒಂದು ಮೂಲೆಯಲ್ಲಿ ಹೊಟ್ಟೆ ಮೇಲಾಗಿ ನಿಂತಿತ್ತು. ಅವಳು ಅದನ್ನು ಬೊಗಸೆಯಲ್ಲಿ ಎತ್ತಿಕೊಂಡಳು.

"ಅವರು ಹೇಳಿದ್ದು ನಿಮಗೆ ಕೇಳಿಸಲಿಲ್ಲವಾ?" ಎಂದಳು.

"ಕೇಳಿಸಿತು" ಎಂದ ಅವನು. "ಬೇರೆ ಯಾರಾದರೂ ಹೇಳಿದ್ದರೆ ಹಾಗೇ ಮಾಡುತ್ತಿದ್ದೆ."

ಆ ತೊಟ್ಟಿ ಆಮೇಲೂ ಅಂಗಡಿಯಲ್ಲಿತ್ತು. ಪೇಟೆಯಲ್ಲಿ ಅಷ್ಟು ಸ್ವಚ್ಛವಾದ ತೊಟ್ಟಿ ಇನ್ನೊಂದಿರಲಿಲ್ಲ. ಅವನ ಹೆಂಡತಿ ಮತ್ತೆ ಅಂಗಡಿಯ ಕಡೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನಿಗೆ ಸಮಾಧಾನವಾಗಲಿಲ್ಲ. ಅವನು ಮತ್ತೆ ಕೇಳಿದ: "ಕತೆ ಇರಲಿ ಬುದ್ಧಿ. ಕೊಟ್ರಯ್ಯನಿಗೆ ಏನು ಹೇಳಿಕೊಟ್ಟಿರಿ?"

"ನಿಮ್ಮಿಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟೆನಲ್ಲ ಮರಿ, ಆವತ್ತು ನಾನು ಹೇಳಿದ್ದೇನು, ಹೇಳು ನೋಡೋಣ" ಎಂದರು ಗುರುಗಳು.

ಮರಿದೇವ ನೆನಪು ಮಾಡಿಕೊಂಡ. ಗುರುಗಳು ಆವತ್ತು ಕೊಟ್ರಯ್ಯನ ಮುಖವನ್ನೇ ಹೆಚ್ಚು ನೋಡಿದ್ದರು ಎಂಬುದೊಂದು ಬಿಟ್ಟು ಅವನಿಗೆ ಏನೂ ನೆನಪಾಗಲಿಲ್ಲ.