ನಲವತ್ತು ಗಜ ಮೊದಲೇ ಎದ್ದು ನಿಂತವನು

"ಗುರುಗಳೇ, ಕಲಿಯುವವರನ್ನು ಅಳೆಯುವುದು ಹೇಗೆ? ಕೊನೆಯಲ್ಲಿ ಕೆಡಿಸಿದವರು ಎಲ್ಲವನ್ನೂ ಕೆಡಿಸಿದ ಹಾಗೇ ಅಲ್ಲವೇ?"

ಕೇಳಿದವನು ಸದಾನಂದ. ಮೃದಂಗದ ವಿದ್ವಾನ್ ಚೆಲುವಯ್ಯನವರ ಹಿರಿಯ ಶಿಷ್ಯ. ರಾಮನವಮಿಯ ಕಛೇರಿಗಳಿಗೆ ಯಾರು ಯಾರು ನುಡಿಸಬೇಕೆಂದು ಪಟ್ಟಿ ಮಾಡುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಅವನು ಮೈಥಿಲಿ ಎಂಬ ಹುಡುಗಿಯ ಹೆಸರನ್ನು ಹೊಡೆದುಹಾಕಿದ್ದ. ಹಿಂದಿನ ವಾರ ಅವಳು ಮೊದಲ ಸಲ ವೇದಿಕೆ ಹತ್ತಿದ್ದಳು. ಮೃದಂಗ ಒಂದೇ ನುಡಿಯುವ ತನಿಯ ಮುಕ್ತಾಯದಲ್ಲಿ ತಾಳಕ್ಕಿಂತ ಅರ್ಧ ಅಕ್ಷರ ಮೊದಲೇ ಬಂದು ನಿಂತಿದ್ದಳು. ಸಭೆಯಲ್ಲಿ ಕೆಲವರು ನಕ್ಕಿದ್ದರು.

ಚೆಲುವಯ್ಯನವರು ಪಟ್ಟಿಯನ್ನು ನೋಡಿದರು. "ಭಲೇ ನ್ಯಾಯಾಧೀಶ ಕಣಯ್ಯ ನೀನು. ಕೂತ್ಕೋ, ಒಂದು ಕತೆ ಹೇಳ್ತೀನಿ. ಕುದುರೆ ರೇಸಿನದು. ಹುಬ್ಬೇರಿಸಬೇಡ, ನಾನು ಯಾವ ಕುದುರೆಯ ಮೇಲೂ ಬಿಡಿಗಾಸು ಕಟ್ಟಿದವನಲ್ಲ. ನನ್ನ ಭಾವ ರೇಸಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಕಣ್ಣಾರೆ ಕಂಡದ್ದು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕಲಿಯುವ ಜಾಕಿ ಇದ್ದ. ಕಲಿಯುವವನಿಗೆ ರೇಸಿನವರು ಒಂದು ಉಪಕಾರ ಮಾಡುತ್ತಾರೆ. ಅವನ ಕುದುರೆ ಹೊರಬೇಕಾದ ತೂಕದಲ್ಲಿ ಮೂರು ಕಿಲೋ ರಿಯಾಯಿತಿ. ಅಷ್ಟು ಬಿಟ್ಟರೆ ಬೇರೆ ದಯೆ ದಾಕ್ಷಿಣ್ಯ ಏನೂ ಇಲ್ಲ. ಇವನು ಆರು ರೇಸು ಓಡಿಸಿದ್ದ, ಆರರಲ್ಲೂ ಸೋತಿದ್ದ. ಆರು ಸಲವೂ ಒಂದೇ ತಪ್ಪು. ಗೇಟು ತೆರೆದೊಡನೆ ಹೆದರಿ ಕುದುರೆಯನ್ನು ದಿಕ್ಕೆಟ್ಟು ಓಡಿಸುವುದು. ಅರ್ಧ ದಾರಿಗೆ ಅದಕ್ಕೆ ಉಸಿರು ಕಟ್ಟುವುದು. ಹಿಂದೆ ಆರಾಮವಾಗಿ ಬರುತ್ತಿದ್ದ ಹಳೆಯ ಜಾಕಿಗಳು ಒಬ್ಬೊಬ್ಬರಾಗಿ ದಾಟಿಹೋಗುವುದು. ಹೋಗುವಾಗ "ಏನಪ್ಪಾ, ಊಟಕ್ಕೆ ಹೊತ್ತಾಯಿತೇ?" ಎಂದು ಛೇಡಿಸುವುದು ಬೇರೆ.

ಏಳನೆಯದು ಒಂದು ಮೈಲಿಯ, ಅಂದರೆ ಎಂಟು ಫರ್ಲಾಂಗಿನ ರೇಸು. ಒಬ್ಬ ಟ್ರೇನರ್ ತನ್ನ ಕಂದು ಹೆಣ್ಣುಕುದುರೆಯನ್ನು ಅವನಿಗೆ ಕೊಟ್ಟ. ಜನ ಆ ಕುದುರೆಯನ್ನು ನಂಬಿದ್ದರು, ಅವನನ್ನಲ್ಲ.

ಗೇಟು ತೆರೆಯಿತು. ಹುಡುಗ ಎಂದಿನಂತೆ ಎಲ್ಲರಿಗಿಂತ ಮುಂದೆ ನುಗ್ಗಿದ. ಮೊಣಕೈ ಎರಡೂ ರೆಕ್ಕೆ ಬಡಿದಂತೆ ಆಡುತ್ತಿದ್ದವು. ಹಳಬರು ನೋಡಿ ನಕ್ಕರು. ಓಡಲಿ ಬಿಡು, ಇನ್ನೇನು ಸುಸ್ತಾಗುತ್ತಾನೆ ಎಂದು ತಮ್ಮ ಕುದುರೆಗಳನ್ನು ಹಿಡಿದುಕೊಂಡು ಹಿಂದೆ ಬಂದರು. ನಾಲ್ಕು ಫರ್ಲಾಂಗು ಆಯಿತು, ಅವನು ಸುಸ್ತಾಗಲಿಲ್ಲ. ಆರು ಆಯಿತು, ಆಗಲೂ ಇಲ್ಲ. ಕೊನೆಯ ನೇರದಾರಿಗೆ ಬಂದಾಗ ಆ ಕುದುರೆ ಈಗ ತಾನೇ ಲಾಯದಿಂದ ಹೊರಬಂದಂತೆ ಜಿಗಿಯಿತು. ಹಳಬರು ಚಾಟಿ ಎತ್ತಿದರು. ಎಲ್ಲಿ ಸಿಗುತ್ತಾನೆ? ನಾಲ್ಕು ಕುದುರೆಯುದ್ದ ಮುಂದಿದ್ದ.

ಈಗ ಕೇಳು. ಗೆಲುವಿನ ಕಂಬಕ್ಕೆ ನಲವತ್ತು ಗಜ ಮೊದಲು ಬೇಲಿಯ ಪಕ್ಕದಲ್ಲಿ ಇನ್ನೊಂದು ಬಿಳಿ ಕಂಬ ಇತ್ತು. ಹಳಬರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹೊಸಬರಲ್ಲಿ ವರ್ಷಕ್ಕೆ ಒಬ್ಬನಾದರೂ ಅದನ್ನು ನೋಡಿ ಮೋಸಹೋಗುತ್ತಾನೆ. ಆ ವರ್ಷದ ಸರದಿ ಇವನದು. ಬಿಳಿ ಕಂಬ ದಾಟಿದ್ದೇ ತಡ, ಕಾಲಿಡುವ ರಿಕಾಪಿನಲ್ಲಿ ಎದ್ದು ನಿಂತು ಕುದುರೆಯ ಕುತ್ತಿಗೆ ತಟ್ಟಿದ. ಕುದುರೆ ಓಟ ನಿಧಾನಿಸಿತು. ಹಿಂದಿದ್ದ ಹಳೆಯ ಜಾಕಿಯೊಬ್ಬ ಬಂದು ಒಂದು ತಲೆಯಷ್ಟು ಮುಂದಾಗಿ ಗೆದ್ದುಬಿಟ್ಟ.

ಅಯ್ಯೋ, ಆ ಜನರ ಕೂಗು! "ದುಡ್ಡು ತಿಂದಿದ್ದಾನೆ, ಬೇಕೂಂತಲೇ ನಿಲ್ಲಿಸಿದ" ಎಂದರು. ಕೂಡಲೇ ವಿಚಾರಣೆಗೆ ಕರೆ ಬಂತು. ಬೇಕೆಂದು ಸೋತವನ ಲೈಸೆನ್ಸನ್ನು ಕಿತ್ತುಕೊಳ್ಳುತ್ತಾರೆ. ಆಮೇಲೆ ಯಾವ ಊರಿನ ಲಾಯದಲ್ಲೂ ಅವನಿಗೆ ಜೀನು ಮುಟ್ಟಲು ಬಿಡುವುದಿಲ್ಲ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಬಾಗಿಲ ಹೊರಗೆ, ಗೆದ್ದ ಹಳೆಯ ಜಾಕಿಗೇ ಅಯ್ಯೋ ಅನ್ನಿಸಿತು. ಹುಡುಗನ ಕಿವಿಯಲ್ಲಿ ಹೇಳಿದ, "ಕುದುರೆಯ ಎಡಗಾಲು ಉಳುಕಿತು, ಹೆದರಿ ಎದ್ದೆ ಅನ್ನು. ಕುದುರೆ ಬಂದು ಸಾಕ್ಷಿ ಹೇಳೋದಿಲ್ಲ. ಕಂಬ ಗೊತ್ತಾಗಲಿಲ್ಲ ಅಂದರೆ ಯಾವನೂ ನಂಬೋದಿಲ್ಲ."

ಒಳಗೆ ಮೂವರು ಸ್ಟೀವರ್ಡುಗಳು ಕೂತಿದ್ದರು. ಅವರೇ ರೇಸಿನ ತೀರ್ಪುಗಾರರು. ಇಬ್ಬರು ಕೊನೆಯ ನಲವತ್ತು ಗಜದ ಫಿಲ್ಮನ್ನು ಹಾಕಿ ಹಾಕಿ ನೋಡುತ್ತಿದ್ದರು. ಹತ್ತು ಸಲ ನೋಡಿದರೂ ಹುಡುಗ ಹತ್ತು ಸಲವೂ ಎದ್ದು ನಿಲ್ಲುತ್ತಿದ್ದ, ಇನ್ನೇನು ಮಾಡುತ್ತಾನೆ ಪಾಪ. ಮೂರನೆಯವರು ಹಿರಿಯರು. ಅವರು ಕೇಳಿದರು, "ಕುದುರೆಗೆ ಏನಾದರೂ ಆಯಿತೇನಪ್ಪ?"

ಹುಡುಗ ನೇರವಾಗಿ ಹೇಳಿದ, "ಇಲ್ಲ ಸ್ವಾಮಿ. ಅದು ಸರಿಯಾಗೇ ಓಡಿತು. ನಾನೇ ಬಿಳಿ ಕಂಬಾನ ಗೆಲುವಿನ ಕಂಬ ಅಂದ್ಕೊಂಡೆ."

ಇಬ್ಬರು ಸ್ಟೀವರ್ಡುಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ಮಾತ್ರ ಫಿಲ್ಮನ್ನು ಮೊದಲಿನಿಂದ ಹಾಕಿಸಿದರು. ಕೈಯಲ್ಲಿ ಗಡಿಯಾರ ಹಿಡಿದು ಒಂದೊಂದು ಫರ್ಲಾಂಗನ್ನೂ ಅಳೆದರು. ಹನ್ನೆರಡು ಸೆಕೆಂಡಿನಲ್ಲಿ ಮುಗಿಯಬೇಕಾದ ಮೊದಲ ಫರ್ಲಾಂಗಿಗೆ ಹದಿನಾಲ್ಕು ಹಿಡಿದಿತ್ತು. ಎರಡನೆಯದಕ್ಕೂ ಹದಿನಾಲ್ಕು, ಮೂರನೆಯದಕ್ಕೂ ಹದಿನಾಲ್ಕು. ಮೊಣಕೈ ಆಡುತ್ತಿತ್ತೇ ಹೊರತು ಲಗಾಮು ಒಂದು ಬೆರಳೂ ಸಡಿಲವಾಗಿರಲಿಲ್ಲ. ತನ್ನ ಕುದುರೆಯ ಉಸಿರು ಉಳಿಸಿಕೊಂಡು, ಅಷ್ಟೂ ಹಳಬರನ್ನು ಈ ಹುಡುಗ ಹಿಂದೆ ಕಟ್ಟಿಕೊಂಡು ವಾಕಿಂಗ್ ಕರೆದುಕೊಂಡು ಹೋಗಿದ್ದ!

"ಇದನ್ನ ಯಾರಯ್ಯಾ ಹೇಳಿಕೊಟ್ಟೋರು?" ಎಂದು ಹಿರಿಯರು ಕೇಳಿದರು.

"ಯಾರೂ ಇಲ್ಲ ಸ್ವಾಮಿ. ಆರು ಸಲ ನಾನು ಹೆದರಿ ಓಡಿಸಿದೆ. ನಾನು ಹೆದರಿದಾಗೆಲ್ಲ ಇವರು ಹಿಂದೆ ನಿಂತು ಕಾಯ್ತಾರೆ ಅಂತ ಆವಾಗ ಗೊತ್ತಾಯ್ತು. ಈ ಸಲ ಹೆದರಿದವನ ಥರ ಕೂತ್ಕೊಂಡೆ. ಮನಸ್ಸಿನಲ್ಲಿ ಫರ್ಲಾಂಗಿಗೆ ಹದಿನಾಲ್ಕು ಎಣಿಸ್ತಾ ಬಂದೆ."

ಹದಿನಾಲ್ಕು ಎಣಿಸುತ್ತಾ ಬಂದನಂತೆ ಕಣಯ್ಯ! ಕೆಳಗೆ ಕುದುರೆ ಹಾರುತ್ತಿದೆ, ಹಿಂದೆ ಏಳು ಕುದುರೆಯ ಗೊರಸಿನ ಸದ್ದು, ಮುಖಕ್ಕೆ ಬಡಿಯುವ ಗಾಳಿ. ಅದರಲ್ಲಿ ಒಂದು ಎಣಿಕೆ ಆಚೀಚೆ ಆಗಲಿಲ್ಲ. ಐವತ್ತು ವರ್ಷ ತಾಳ ಹಾಕಿದ ನನಗೆ ಈಗಲೂ ಅದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಹಿರಿಯರು ಜೋರಾಗಿ ನಕ್ಕುಬಿಟ್ಟರು. ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲವಂತೆ. "ಇವನು ಸೋಲಬೇಕೆಂದಿದ್ದರೆ ಹಿಂದಿನ ಆರು ಸಲದ ಹಾಗೆಯೇ ಓಡಿಸಿದ್ದರೆ ಸಾಕಾಗಿತ್ತಲ್ಲ? ಯಾರೂ ಕೇಳುತ್ತಿರಲಿಲ್ಲ" ಎಂದು ಉಳಿದಿಬ್ಬರಿಗೆ ಹೇಳಿದರು. ಅವರು ಒಪ್ಪಬೇಕಾಯಿತು. ಆದರೆ ಒಬ್ಬರು ಗೊಣಗಿದರು, "ಜಾಣತನ ಇರಬಹುದು. ಆದರೂ ಸೋತದ್ದು ಸೋತದ್ದೇ. ಇದರಲ್ಲಿ ಹೊಗಳುವುದೇನು ಬಂತು?"

ಹಿರಿಯರು ತೀರ್ಪು ಬರೆಸಿದರು. ಬರೆದುಕೊಂಡವರು ನನ್ನ ಭಾವ. ಕಂಬವನ್ನು ತಪ್ಪಾಗಿ ತಿಳಿದದ್ದಕ್ಕೆ ನಲವತ್ತು ದಿನ ಸವಾರಿ ಇಲ್ಲ. ಹುಡುಗ ತಲೆ ತಗ್ಗಿಸಿದ. ಕಲಿಯುವವನಿಗೆ ರಿಯಾಯಿತಿ ಏನಿದ್ದರೂ ತೂಕದ ತಕ್ಕಡಿಯ ಹತ್ತಿರ, ತೀರ್ಪಿನಲ್ಲಿ ಅಲ್ಲ. ಆಮೇಲೆ ಹಿರಿಯರು, "ಇನ್ನೊಂದು ಸಾಲು ಬರೆದುಕೊಳ್ಳಿ" ಎಂದರು. ಅಂಥ ಸಾಲನ್ನು ಬರೆಯುವ ಪದ್ಧತಿಯೇ ಇರಲಿಲ್ಲ. "ಮೊದಲ ಏಳು ಫರ್ಲಾಂಗನ್ನು ಈ ಸವಾರ ಓಡಿಸಿದ ರೀತಿಯನ್ನು ಊರಿನ ಜಾಕಿಗಳೆಲ್ಲ ಬಂದು ಈ ಕೋಣೆಯಲ್ಲಿ ಕೂತು ನೋಡತಕ್ಕದ್ದು."

ಹಳಬರು ಬಂದರು. ಮುಖ ಗಂಟಿಕ್ಕಿಕೊಂಡೇ ಬಂದರು. ಫಿಲ್ಮು ಮುಗಿಯುವ ಹೊತ್ತಿಗೆ ಒಬ್ಬೊಬ್ಬರೂ ಬೆರಳು ಮಡಿಸಿ ಎಣಿಸುತ್ತಿದ್ದರು. ಗೆದ್ದವನಂತೂ "ಇನ್ನೊಂದು ಸಲ ಹಾಕಿ" ಎಂದನಂತೆ. ನಲವತ್ತೊಂದನೆಯ ದಿನ ಟ್ರೇನರ್ ಅದೇ ಕಂದು ಕುದುರೆಯನ್ನು ಅದೇ ಹುಡುಗನ ಕೈಗೆ ಕೊಟ್ಟ.

ಚೆಲುವಯ್ಯನವರು ಅಲ್ಲಿಗೆ ನಿಲ್ಲಿಸಿ, ಮೈಥಿಲಿಯ ಹೆಸರು ಹೊಡೆದಿದ್ದ ಪಟ್ಟಿಯನ್ನು ಸದಾನಂದನ ಮುಂದಿಟ್ಟು ನಶ್ಯದ ಡಬ್ಬಿ ತೆಗೆದರು. ಸದಾನಂದನ ಕಣ್ಣು ಅರಳಿತ್ತು. ಕೂತಲ್ಲಿಯೇ ಮುಂದಕ್ಕೆ ಜರುಗಿ ಕೇಳಿದ.

"ಆ ದಿನ ಗೆದ್ದನೇ ಗುರುಗಳೇ?"

"ಸೋತ ಅಂದರೆ, ಇಷ್ಟು ಹೊತ್ತು ಅವನನ್ನ ಮೆಚ್ಚಿಕೊಂಡಿದ್ದನ್ನ ವಾಪಸ್ ಇಸ್ಕೋತೀಯೇನಯ್ಯ?"